ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿಸಿದ್ದು?

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಎಷ್ಟು ಓಡಿದೆ? ಮೈಲೇಜ್ ಎಷ್ಟು ಕೊಡುತ್ತೆ? ಎಲ್ಲಾದರೂ ಗುದ್ದಿದೆಯಾ? ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿಸಿದ್ದು ಎಂದು ಕೇಳುವವರು ಅಪರೂಪ. ಕೇಳಿದರೂ ಸಿಗುವ ಉತ್ತರ, ‘ಅದೆಲ್ಲ ಆಗಿದೆ’. ಬಿಲ್ ತೋರಿಸಿ ಅಂದರೆ ಮಾತು ಟೈರಿನ ಕಡೆ ತಿರುಗುತ್ತದೆ.

ನಾನು ಕೊಂಡ ಹಳೆಯ ಸ್ಯಾಂಟ್ರೊ ವಿಷಯದಲ್ಲೂ ಇದೇ ಉತ್ತರ ಸಿಕ್ಕಿತ್ತು. ಮೀಟರ್‌ನಲ್ಲಿ 84 ಸಾವಿರ ಚಿಲ್ಲರೆ ಕಿ.ಮೀ. ಬಿಲ್ ಇಲ್ಲ. ಊರೊಳಗೆ ತರಕಾರಿ ತರಲಷ್ಟೇ ಆ ಕಾರು ಬೇಕಿದ್ದರೆ ಸುಮ್ಮನಿರುತ್ತಿದ್ದೆನೋ ಏನೋ. ಆದರೆ ನಮ್ಮದು ಮೂಡಿಗೆರೆ. ತಿಂಗಳಿಗೊಮ್ಮೆ ಅಮ್ಮನನ್ನು ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ಯಬೇಕು. ನಡುವೆ ಚಾರ್ಮಾಡಿ ಘಾಟಿ. ಕೊಟ್ಟಿಗೆಹಾರ ದಾಟಿದ ಮೇಲೆ ಮಂಜು, ತಿರುವು, ಮಳೆಗಾಲವಾದರೆ ಗುಡ್ಡದಿಂದ ಇಳಿಯುವ ಮಣ್ಣು. ಅಲ್ಲಿ ಎಂಜಿನ್ ನಿಂತರೆ ಪವರ್ ಸ್ಟೀರಿಂಗ್ ಬಿಗಿಯಾಗುತ್ತದೆ, ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕ್ ಪೆಡಲ್ ಕಲ್ಲಾಗುತ್ತದೆ. ಮೊಬೈಲ್‌ನಲ್ಲಿ ಸಿಗ್ನಲ್ ಇದ್ದರೆ ಪುಣ್ಯ.

ಟೈಮಿಂಗ್ ಬೆಲ್ಟ್‌ನ ಕೆಟ್ಟ ಗುಣವೇ ಇದು. ಬ್ರೇಕ್ ಪ್ಯಾಡ್ ಸವೆದರೆ ಕಿರುಗುಟ್ಟುತ್ತದೆ, ಕ್ಲಚ್ ಸವೆದರೆ ಜಾರುತ್ತದೆ, ಬ್ಯಾಟರಿ ಸಾಯುವ ಮುಂಚೆ ಬೆಳಿಗ್ಗೆ ಗೊಣಗುತ್ತದೆ. ಬೆಲ್ಟ್ ಸಾಮಾನ್ಯವಾಗಿ ಏನೂ ಹೇಳುವುದಿಲ್ಲ. ನಿನ್ನೆಯವರೆಗೂ ಚೆನ್ನಾಗಿ ಓಡಿದ ಕಾರು ಇವತ್ತು ನಡುರಸ್ತೆಯಲ್ಲಿ ಸುಮ್ಮನೆ ಆರಿಹೋಗುತ್ತದೆ.

ಎಂಜಿನ್ನಿನ ಕೆಳಗೆ ಕ್ರ್ಯಾಂಕ್ ಶಾಫ್ಟ್, ಮೇಲೆ ಕ್ಯಾಮ್ ಶಾಫ್ಟ್. ಕ್ರ್ಯಾಂಕ್ ಪಿಸ್ಟನ್‌ಗಳನ್ನು ಏರಿಳಿಸುತ್ತದೆ, ಕ್ಯಾಮ್ ವಾಲ್ವ್‌ಗಳನ್ನು ತೆರೆದು ಮುಚ್ಚುತ್ತದೆ. ಕ್ರ್ಯಾಂಕ್ ಎರಡು ಸುತ್ತು ಬಂದಾಗ ಕ್ಯಾಮ್ ಸರಿಯಾಗಿ ಒಂದು ಸುತ್ತು ಬರಬೇಕು. ಅದಕ್ಕೇ ಮೇಲಿನ ಚಕ್ರಕ್ಕೆ ಕೆಳಗಿನದರ ಎರಡರಷ್ಟು ಹಲ್ಲು. ಈ ಎರಡನ್ನೂ ತಾಳ ತಪ್ಪದಂತೆ ಹಿಡಿದಿರುವುದು ಒಳಗೆ ಗಾಜಿನ ನಾರು ಹೆಣೆದ, ಹಲ್ಲುಗಳುಳ್ಳ ಒಂದು ರಬ್ಬರ್ ಪಟ್ಟಿ. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಒಂದೊಂದು ವಾಲ್ವ್ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ನಮ್ಮ ಕಾರಿನದೂ ಸೇರಿ ಎಷ್ಟೋ ಎಂಜಿನ್‌ಗಳಲ್ಲಿ ಪಿಸ್ಟನ್ ಮೇಲೆ ಬರುವ ಜಾಗಕ್ಕೇ ವಾಲ್ವ್ ಕೆಳಗೆ ಇಳಿಯುತ್ತದೆ, ಬೇರೆ ಬೇರೆ ಹೊತ್ತಿನಲ್ಲಿ ಅಷ್ಟೇ. ಬೆಲ್ಟ್ ಹರಿದರೆ ಕ್ಯಾಮ್ ನಿಂತುಬಿಡುತ್ತದೆ, ಪಿಸ್ಟನ್ ನಿಲ್ಲುವುದಿಲ್ಲ. ತೆರೆದೇ ಉಳಿದ ವಾಲ್ವ್‌ಗೆ ಗುದ್ದಿ ಬಗ್ಗಿಸುತ್ತದೆ. ಆಮೇಲೆ ಎಂಜಿನ್ ಹೆಡ್ ಬಿಚ್ಚದೆ ಗತಿಯಿಲ್ಲ. ಆ ಬಿಲ್ಲಿನ ಮುಂದೆ ಬೆಲ್ಟ್‌ನ ಬೆಲೆ ಏನೇನೂ ಅಲ್ಲ.

ಮಾರುತಿಯ ಕೆ-ಸೀರೀಸ್ ಎಂಜಿನ್, ಹಳೆಯ ಡೀಸೆಲ್ ಸ್ವಿಫ್ಟ್‌ನ 1.3 ಲೀಟರ್ ಎಂಜಿನ್ ಇಂಥವಕ್ಕೆ ಬೆಲ್ಟ್ ಬದಲು ಚೈನು ಇದೆ. ಅಂಥ ಕಾರಿನವರು ಇಲ್ಲಿಗೆ ಓದು ನಿಲ್ಲಿಸಬಹುದು. ಉಳಿದವರು ಕಾರಿನ ಜೊತೆ ಬಂದ ಪುಸ್ತಕ ತೆಗೆದು ನೋಡಿ. ಸಾಮಾನ್ಯವಾಗಿ 60 ಸಾವಿರದಿಂದ 1 ಲಕ್ಷ ಕಿ.ಮೀ. ಒಳಗೆ ಒಂದು ಅಂಕಿ, ಅದರ ಪಕ್ಕದಲ್ಲಿ ಇಷ್ಟು ವರ್ಷ ಎಂದೂ ಇರುತ್ತದೆ. ಯಾವುದು ಮೊದಲೋ ಅದು. ಓಡದೆ ಶೆಡ್ಡಿನಲ್ಲಿ ನಿಂತ ಕಾರಿನಲ್ಲೂ ರಬ್ಬರಿಗೆ ವಯಸ್ಸಾಗುತ್ತದೆ.

ಗ್ಯಾರೇಜಿಗೆ ಕೊಡಬಹುದಿತ್ತು. ಕೇಳಿದ ಒಂದು ಕಡೆ ‘ಓಡ್ತಾ ಇದೆಯಲ್ಲ, ಓಡಿಸಿ’ ಅಂದರು. ನನಗೋ ಆ ಕವರ್‌ನ ಹಿಂದೆ ಏನಿದೆ ಎಂದು ಕಣ್ಣಾರೆ ನೋಡಬೇಕಿತ್ತು. ಪಕ್ಕದ ಮನೆಯಲ್ಲಿ ಬಸ್ ಮೆಕ್ಯಾನಿಕ್ ಆಗಿ ನಿವೃತ್ತರಾದ ಹಿರಿಯರಿದ್ದಾರೆ, ಬೀದಿಗೆಲ್ಲ ಅವರು ‘ಮೇಸ್ತ್ರಿ’. ‘ನಮ್ಮ ಬಸ್ಸಿಗೆ ಇದೆಲ್ಲ ಗೇರು. ಇದಕ್ಕೆ ಬರೀ ರಬ್ಬರಾ?’ ಎಂದು ನಕ್ಕರು. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೇ ಸ್ಪ್ಯಾನರ್ ಪೆಟ್ಟಿಗೆ ಹಿಡಿದು ಬಂದರು.

ಎಂಜಿನ್ ತಣ್ಣಗಿತ್ತು. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿದೆವು. ಜಾಕಿ ಹಾಕಿ ಎತ್ತಿ, ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಟ್ಟೆವು. ಬರೀ ಜಾಕಿ ನಂಬಿ ಕಾರಿನಡಿ ಯಾರೂ ತೂರಬಾರದು, ಸಿಮೆಂಟ್ ಇಟ್ಟಿಗೆಯನ್ನಂತೂ ನಂಬಲೇಬಾರದು. ಚಕ್ರ, ಆಲ್ಟರ್ನೇಟರ್ ಮತ್ತು ಎ.ಸಿ. ಬೆಲ್ಟ್‌ಗಳು ಬೇಗ ಬಿಚ್ಚಿಕೊಂಡವು. ಕ್ರ್ಯಾಂಕ್ ಪುಲ್ಲಿಯ ಬೋಲ್ಟ್ ಮಾತ್ರ ಮಧ್ಯಾಹ್ನದವರೆಗೆ ಸತಾಯಿಸಿತು. ಐದನೇ ಗೇರಿಗೆ ಹಾಕಿ, ತಮ್ಮ ಬ್ರೇಕ್ ಒತ್ತಿ ಹಿಡಿದ. ಸ್ಪ್ಯಾನರ್ ಹಿಡಿಗೆ ಮಾರುದ್ದದ ಪೈಪ್ ಸಿಕ್ಕಿಸಿ ಇಬ್ಬರೂ ಜಗ್ಗಿದಾಗ ‘ಟಕ್’ ಎಂದಿತು. ಮೂಳೆ ಮುರಿದಂಥ ಸದ್ದು. ಇಡೀ ದಿನದಲ್ಲಿ ತೋಳಿಗೆ ಕೆಲಸ ಅದೊಂದೇ.

ಉಳಿದದ್ದೆಲ್ಲ ಕಣ್ಣಿನ ಕೆಲಸ. ಎಂಜಿನ್ ಅಡಿಗೆ ಹಲಗೆಯಿಟ್ಟು ಇನ್ನೊಂದು ಜಾಕಿ ಕೊಟ್ಟು, ಆ ಬದಿಯ ಮೌಂಟ್ ಬಿಚ್ಚಿ, ಕವರ್ ತೆಗೆದೆವು. ಗೇರನ್ನು ನ್ಯೂಟ್ರಲ್‌ಗೆ ತಂದು, ಸ್ಪಾರ್ಕ್ ಪ್ಲಗ್‌ಗಳನ್ನು ತೆಗೆದಿಟ್ಟೆವು. ಪ್ಲಗ್ ಇಲ್ಲದಿದ್ದರೆ ಗಾಳಿಯ ಒತ್ತಡವಿಲ್ಲದೆ ಎಂಜಿನ್ ಹಗುರವಾಗಿ ತಿರುಗುತ್ತದೆ. ಕ್ರ್ಯಾಂಕ್ ಬೋಲ್ಟನ್ನು ಮತ್ತೆ ಹಾಕಿ, ಅದರಿಂದಲೇ ನಿಧಾನ ತಿರುಗಿಸಿ, ಮೊದಲ ಸಿಲಿಂಡರಿನ ಪಿಸ್ಟನ್ ತುತ್ತತುದಿಗೆ ಬರುವಂತೆ ಮಾಡಿದೆ. ಆಗ ಕೆಳಗಿನ ಚಕ್ರದ ಗುರುತು ಎಂಜಿನ್ ಮೇಲಿನ ಗುರುತಿಗೆ, ಮೇಲಿನ ಚಕ್ರದ ಗುರುತು ಹೆಡ್ ಮೇಲಿನ ಗುರುತಿಗೆ ಸರಿಯಾಗಿ ಎದುರು ಬರಬೇಕು. ಜಿಡ್ಡು ಒರೆಸಿ, ಅಕ್ಕನ ನೇಲ್ ಪಾಲಿಶ್‌ನಿಂದ ನಾಲ್ಕಕ್ಕೂ ಚುಕ್ಕೆ ಇಟ್ಟೆ. ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಬಣ್ಣ ನನಗೆ ಗೊತ್ತಿಲ್ಲ.

ಟೆನ್ಷನರ್ ಸಡಿಲಿಸಿ ಹಳೆ ಬೆಲ್ಟ್ ತೆಗೆದ ಮೇಲೆ ಎರಡೂ ಚಕ್ರಗಳನ್ನು ಮುಟ್ಟುವಂತಿಲ್ಲ. ಟೆನ್ಷನರ್ ರಾಟೆಯನ್ನು ಬೆರಳಲ್ಲಿ ತಿರುಗಿಸಿದರೆ ಮರಳು ಅರೆದಂತಾಯಿತು, ಅದನ್ನೂ ಹೊಸದು ಹಾಕಿದೆವು. ಬೆಲ್ಟ್ ಹೊಸದು, ಬೇರಿಂಗ್ ಹಳೆಯದು ಎಂದರೆ ಕೆಲಸ ಅರ್ಧವೇ. ಆಯಿಲ್ ಸೀಲ್‌ಗಳ ಸುತ್ತ ಒಣಗಿತ್ತು, ಸಮಾಧಾನ. ಅಲ್ಲಿ ಎಣ್ಣೆ ಜಿನುಗುತ್ತಿದ್ದರೆ ಹೊಸ ಬೆಲ್ಟ್ ಕೂಡ ಬೇಗ ಹಾಳಾಗುತ್ತದೆ.

ಹೊಸ ಬೆಲ್ಟನ್ನು ಮಡಚದೆ, ಸ್ಕ್ರೂಡ್ರೈವರ್‌ನಿಂದ ಮೀಟದೆ, ಕೈಯಲ್ಲೇ ಕೂರಿಸಬೇಕು. ಟೆನ್ಷನರ್ ಇಲ್ಲದ ಬದಿ ಬಿಗಿಯಾಗಿರಬೇಕು. ‘ಸರಿಯಾಗಿ ಕೂತಿದೆ ಅನ್ಸುತ್ತೆ’ ಅಂದೆ.

‘ಅನ್ಸೋದಲ್ಲ ಮಾರಾಯ, ಕೂತಿರಬೇಕು. ಎರಡು ಸುತ್ತು ತಿರುಗಿಸು.’

ಕೈಯಲ್ಲೇ ಎರಡು ಪೂರ್ತಿ ಸುತ್ತು. ಎಲ್ಲಾದರೂ ತಡೆದರೆ ಬಲ ಹಾಕುವಂತಿಲ್ಲ, ಅದು ಪಿಸ್ಟನ್ನಿಗೆ ವಾಲ್ವ್ ತಾಗಿದ ಸೂಚನೆಯಿರಬಹುದು. ಒಂದು ಹಲ್ಲು ಆಚೀಚೆಯಾದರೂ ಎಂಜಿನ್ ಸರಿಯಾಗಿ ಓಡುವುದಿಲ್ಲ. ತಡೆಯಲಿಲ್ಲ. ಚುಕ್ಕೆಗಳು ಮತ್ತೆ ಎದುರುಬದುರಾಗಿ ನಿಂತವು. ಮೇಸ್ತ್ರಿ ಕನ್ನಡಕ ಏರಿಸಿ ನೋಡಿ, ಇನ್ನೂ ಎರಡು ಸುತ್ತು ಹಾಕಿಸಿದರು. ಟೆನ್ಷನರ್ ಬಿಗಿದು, ಕ್ರ್ಯಾಂಕ್ ಬೋಲ್ಟನ್ನು ಟಾರ್ಕ್ ರೆಂಚ್‌ನಿಂದ ಸರ್ವಿಸ್ ಪುಸ್ತಕದ ಲೆಕ್ಕಕ್ಕೇ ಬಿಗಿದೆವು. ಎಲ್ಲ ಜೋಡಿಸಿ ಕೀ ತಿರುಗಿಸಿದಾಗ ಸಂಜೆ ಐದು. ಮೊದಲ ಸಲಕ್ಕೇ ಹತ್ತಿಕೊಂಡಿತು.

ಹಳೆ ಬೆಲ್ಟನ್ನು ಆಮೇಲೆ ಬೆಳಕಿಗೆ ಹಿಡಿದೆ. ಮೇಲ್ನೋಟಕ್ಕೆ ಏನೂ ಆಗಿರಲಿಲ್ಲ. ಹಿಂದುಮುಂದಾಗಿ ಬಗ್ಗಿಸಿದಾಗ ಹಲ್ಲುಗಳ ಬುಡದಲ್ಲಿ ಕೂದಲೆಳೆಯಂಥ ಬಿರುಕುಗಳು ಬಾಯಿಬಿಟ್ಟವು. ಬೆನ್ನಿನ ಮೇಲಿನ ಅಕ್ಷರಗಳು ಪೂರಾ ಅಳಿಸಿಹೋಗಿದ್ದವು. ಮಾರಿದವರು ಬೇಕೆಂದೇ ಸುಳ್ಳು ಹೇಳಿದರು ಅನ್ನಲಾರೆ. ಅವರಿಗೂ ಹಿಂದಿನವರು ‘ಅದೆಲ್ಲ ಆಗಿದೆ’ ಎಂದೇ ಹೇಳಿರಬಹುದು.

ಬಾನೆಟ್ ಒಳಗೆ ಒಂದು ಚೀಟಿ ಅಂಟಿಸಿದ್ದೇನೆ: ದಿನಾಂಕ, ಕಿ.ಮೀ., ಬೆಲ್ಟ್ ಮತ್ತು ಟೆನ್ಷನರ್ ಹೊಸದು. ಬಿಲ್ಲು ಡ್ಯಾಶ್‌ಬೋರ್ಡ್‌ನಲ್ಲಿದೆ.