ಸೈಲೆನ್ಸರ್ ಬದಲಾವಣೆ: ಲಾಭ ಯಾರಿಗೆ, ಹೊಣೆ ಯಾರಿಗೆ?

ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 26 ಕಿ.ಮೀ. ಉದ್ಯಮಬಾಗ ಹಾಗೂ ಮಚ್ಛೆ ಕೈಗಾರಿಕಾ ಪ್ರದೇಶಗಳು ಇದೇ ಮಾರ್ಗದಲ್ಲಿವೆ. ಪಾಳಿಯ ಕೆಲಸಕ್ಕಾಗಿ ಈ ರಸ್ತೆಯಲ್ಲಿ ನಿತ್ಯ ದ್ವಿಚಕ್ರ ವಾಹನದಲ್ಲಿ ಸಂಚರಿಸುವವರು ಅನೇಕರು. ಅವರಲ್ಲಿ ಕೆಲವು ಯುವಕರು ಬಿಡಿಭಾಗಗಳ ಅಂಗಡಿಗೆ ಬಂದು, ಸೈಲೆನ್ಸರ್ ಬದಲಿಸಿ ಟ್ಯೂನಿಂಗ್ ಮಾಡಿಸಿದರೆ ಗಾಡಿಯ ಓಟ ಎಷ್ಟು ಹೆಚ್ಚುತ್ತದೆ ಎಂದು ವಿಚಾರಿಸುತ್ತಾರೆ. ಮಾರುವ ವರ್ತಕರು, ಜೋಡಿಸುವ ಮೆಕ್ಯಾನಿಕರು, ತಯಾರಿಸಬಯಸುವ ಸಣ್ಣ ಉದ್ದಿಮೆದಾರರು ಈ ಪ್ರಶ್ನೆಗೆ ಲೆಕ್ಕ ಹಾಕಿಯೇ ಉತ್ತರಿಸುವುದು ಲೇಸು.

ಹಳೆಯ ನಂಬಿಕೆಯ ಮೂಲ

ಸೈಲೆನ್ಸರ್ ಬದಲಿಸಿದರೆ ವೇಗ ಹೆಚ್ಚುತ್ತದೆಂಬ ನಂಬಿಕೆ ಎರಡು ಸ್ಟ್ರೋಕ್ ಎಂಜಿನ್‌ಗಳ ಕಾಲದ್ದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ 1996ರವರೆಗೆ ತಯಾರಿಸಿದ ಜಾವಾ, ಯೆಜ್ಡಿ ಗಾಡಿಗಳು ಇಂಥವು. ಎರಡು ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಗೆಕೊಳವೆಯಿಂದ ಹಿಂದಿರುಗುವ ಒತ್ತಡದ ಅಲೆಯು, ಹೊರಬೀಳುತ್ತಿರುವ ಹೊಸ ಇಂಧನ ಮಿಶ್ರಣವನ್ನು ಸಿಲಿಂಡರಿನೊಳಕ್ಕೆ ಮರಳಿ ತಳ್ಳುತ್ತದೆ. ಹೀಗಾಗಿ ಕೊಳವೆಯ ಆಕಾರ ಬದಲಾದರೆ ಶಕ್ತಿಯಲ್ಲಿ ಗಣನೀಯ ಏರುಪೇರಾಗುತ್ತಿತ್ತು. ಇಂದಿನ ನಾಲ್ಕು ಸ್ಟ್ರೋಕ್ ಎಂಜಿನ್ನಿನಲ್ಲಿ ಈ ಕಾರ್ಯವನ್ನು ವಾಲ್ವ್‌ಗಳು ನಿರ್ವಹಿಸುವುದರಿಂದ ಕೊಳವೆಯ ಪ್ರಭಾವ ಬಹಳಷ್ಟು ಕಡಿಮೆ.

ಶಕ್ತಿಯ ಲೆಕ್ಕ

ಜನಪ್ರಿಯವಾದ 350 ಸಿಸಿ ಗಾಡಿಯೊಂದರ ಶಕ್ತಿ ಸುಮಾರು 20 ಅಶ್ವಶಕ್ತಿ. ಅದು ಶೇ. 5ರಷ್ಟು ಹೆಚ್ಚಿತೆಂದೇ ಇಟ್ಟುಕೊಂಡರೂ ದೊರೆಯುವುದು ಒಂದು ಅಶ್ವಶಕ್ತಿ ಮಾತ್ರ. 8 ಅಶ್ವಶಕ್ತಿಯ 100 ಸಿಸಿ ಗಾಡಿಯಲ್ಲಿ ಅದು ಅರ್ಧಕ್ಕೂ ಕಡಿಮೆ. ಅಷ್ಟು ಲಾಭವೂ ಎಂಜಿನ್ ಅತಿವೇಗವಾಗಿ ತಿರುಗುವಾಗ ಸಿಗುವಂಥದ್ದು. ಊರೊಳಗಿನ ನಿಧಾನ ಓಟದಲ್ಲಿ ಎಳೆಯುವ ಶಕ್ತಿ ಕುಗ್ಗುವ ಸಂಭವವೇ ಹೆಚ್ಚು.

ಕೊಳವೆಯೊಂದನ್ನೇ ಬದಲಿಸಿದರೆ ಕೆಲಸ ಮುಗಿಯುವುದಿಲ್ಲ. ಕಾರ್ಬ್ಯುರೇಟರ್ ಗಾಡಿಗಳಲ್ಲಿ ಜೆಟ್ಟನ್ನೂ ಹೊಂದಿಸಬೇಕು. ಇಲ್ಲವಾದರೆ ಪೆಟ್ರೋಲ್ ಸಾಲದೆ ಎಂಜಿನ್ ಅತಿಯಾಗಿ ಕಾಯುತ್ತದೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ಮಾನದಂಡದ ಗಾಡಿಗಳಲ್ಲಿ ಹೊಗೆಕೊಳವೆಗೆ ಆಕ್ಸಿಜನ್ ಸೆನ್ಸರ್ ಹಾಗೂ ಕ್ಯಾಟಲಿಟಿಕ್ ಕನ್ವರ್ಟರ್ ಹೊಂದಿಕೊಂಡಿರುತ್ತವೆ. ಇವುಗಳನ್ನು ಕದಲಿಸಿದರೆ ಎಚ್ಚರಿಕೆ ದೀಪ ಹೊತ್ತಿಕೊಳ್ಳಬಹುದು, ವಾರಂಟಿಗೂ ಧಕ್ಕೆ ಬರಬಹುದು. ಕಂಪ್ಯೂಟರ್ ಮೂಲಕ ಇಂಧನ ನಕ್ಷೆಯನ್ನೇ ಮಾರ್ಪಡಿಸಲು ಹೊರಟರೆ ವೆಚ್ಚ ಮತ್ತಷ್ಟು ಬೆಳೆಯುತ್ತದೆ.

ಉದಾಹರಣೆಗೆ, ಖಾನಾಪುರದಿಂದ ಬೆಳಗಾವಿಗೆ ತಿಂಗಳಿಗೆ 25 ದಿನ ಬಂದುಹೋಗುವ ನೌಕರನ ಓಡಾಟ 1,300 ಕಿ.ಮೀ. ಲೀಟರಿಗೆ 50 ಕಿ.ಮೀ. ಕೊಡುತ್ತಿದ್ದ ಗಾಡಿ 45ಕ್ಕೆ ಇಳಿದರೆ ತಿಂಗಳಿಗೆ ಸುಮಾರು 3 ಲೀಟರ್ ಹೆಚ್ಚು ಬೇಕು. ಲೀಟರಿಗೆ 100 ರೂ. ಎಂದು ಹಿಡಿದರೂ ವರ್ಷಕ್ಕೆ ಸುಮಾರು 3,500 ರೂ. ನಷ್ಟ. ಸೈಲೆನ್ಸರ್‌ನ ಬೆಲೆ ಇದರಿಂದ ಹೊರತು.

ಕಾನೂನಿನ ನಿಲುವು

ತಯಾರಿಕಾ ಹಂತದಲ್ಲಿ ಮೋಟಾರ್‌ಸೈಕಲ್‌ನ ಶಬ್ದಮಿತಿ ಎಂಜಿನ್ ಗಾತ್ರಕ್ಕನುಗುಣವಾಗಿ 75ರಿಂದ 80 ಡೆಸಿಬಲ್ ಎಂದು ನಿಗದಿಯಾಗಿದೆ. ಮೋಟಾರು ವಾಹನ ಕಾಯ್ದೆಯ 190(2)ನೇ ಕಲಂ ಪ್ರಕಾರ ಶಬ್ದ ಮತ್ತು ವಾಯುಮಾಲಿನ್ಯ ಮಾನದಂಡ ಮೀರಿದವರಿಗೆ 10,000 ರೂ.ವರೆಗೆ ದಂಡ, ಮೂರು ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು. 2019ರ ತಿದ್ದುಪಡಿಯಿಂದ ಬದಲಾದ 182-ಎ ಕಲಂ ಮೇರೆಗೆ, ಅನುಮತಿಯಿಲ್ಲದೆ ವಾಹನ ಮಾರ್ಪಡಿಸಿದ ಮಾಲೀಕನಿಗೆ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ. ನಿಯಮಬಾಹಿರವಾಗಿ ಮಾರ್ಪಡಿಸಿದ ವಾಹನ ಮಾರುವ ಡೀಲರನಿಗೆ ಪ್ರತಿ ವಾಹನಕ್ಕೆ ಒಂದು ಲಕ್ಷ ರೂ. ದಂಡವಿದೆ. ರಾಜ್ಯದ ಹಲವು ನಗರಗಳಲ್ಲಿ ಪೊಲೀಸರು ಕರ್ಕಶ ಸೈಲೆನ್ಸರ್‌ಗಳನ್ನು ಕಿತ್ತು ರೋಡ್ ರೋಲರ್ ಹಾಯಿಸಿರುವುದು ಸರ್ವವಿದಿತ. ಅಂಥ ದಿನ ಗ್ರಾಹಕ ಮೊದಲು ನೆನೆಯುವುದು ಮಾರಿದ ಅಂಗಡಿಯವನನ್ನೇ.

ನಿಜವಾದ ವ್ಯಾಪಾರ ಎಲ್ಲಿದೆ?

ಓಟ ಕುಗ್ಗಿದೆ ಎಂದು ಬರುವ ಹಳೆಯ ಗಾಡಿಗಳಲ್ಲಿ ದೋಷ ಸಾಮಾನ್ಯವಾಗಿ ಇರುವುದು ಧೂಳು ತುಂಬಿದ ಏರ್ ಫಿಲ್ಟರ್, ಸವೆದ ಸ್ಪಾರ್ಕ್ ಪ್ಲಗ್, ಸಡಿಲಾದ ಚೈನ್, ತಪ್ಪಿದ ವಾಲ್ವ್ ಅಂತರ, ಗಾಳಿ ಇಳಿದ ಟಯರುಗಳಲ್ಲಿ. ಇವುಗಳ ದುರಸ್ತಿಗೆ ತಗಲುವ ವೆಚ್ಚ ಅಲ್ಪ, ಫಲ ತಕ್ಷಣದ್ದು. ಖಾನಾಪುರ ತಾಲೂಕಿನ ಭಾರಿ ಮಳೆಗೆ ಸೈಲೆನ್ಸರ್ ತುಕ್ಕು ಹಿಡಿದು ತೂತಾಗುವುದೂ ಉಂಟು. ಅಂಥವರಿಗೆ ಮೂಲ ಮಾದರಿಯದೇ ಬದಲಿ ಸೈಲೆನ್ಸರ್ ಒದಗಿಸುವುದು ನ್ಯಾಯವಾದ ವ್ಯಾಪಾರ.

ಎರಕ ಹಾಗೂ ಯಂತ್ರಬಿಡಿಭಾಗಗಳಿಗೆ ಹೆಸರಾದ ಬೆಳಗಾವಿಯ ಉದ್ದಿಮೆದಾರರಿಗೆ ಕೊಳವೆ ಬಗ್ಗಿಸಿ ಬೆಸೆಯುವುದು ಕಷ್ಟದ ಕೆಲಸವಲ್ಲ. ಆದರೆ ಶಬ್ದ ಮತ್ತು ಹೊಗೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗದ ಸರಕಿಗೆ ಸ್ಥಿರ ಮಾರುಕಟ್ಟೆ ಇರದು. ಪುಣೆಯ ಎಆರ್‌ಎಐನಂತಹ ಮಾನ್ಯ ಸಂಸ್ಥೆಯ ಪರೀಕ್ಷಾ ವೆಚ್ಚವನ್ನು ಬಂಡವಾಳದ ಅಂದಾಜಿನಲ್ಲಿ ಮೊದಲೇ ಸೇರಿಸಿ, ಆ ಬಳಿಕವೇ ಡೈ ಮಾಡಿಸುವ ಮಾತು.

ಸಾರಾಂಶವಿಷ್ಟೇ: ಸ್ಪರ್ಧೆಯ ಟ್ರ್ಯಾಕಿನಲ್ಲಿ ಓಡಿಸುವವರಿಗೆ ಕೊಳವೆ, ಫಿಲ್ಟರ್ ಹಾಗೂ ಟ್ಯೂನಿಂಗ್ ಒಟ್ಟಾಗಿ ಪ್ರಯೋಜನಕರವಾಗಬಹುದು. ನಿತ್ಯದ ಸವಾರನಿಗೆ ಸಿಗುವುದು ಶಕ್ತಿಗಿಂತ ಸದ್ದೇ ಹೆಚ್ಚು. ಇದನ್ನು ಮಾರಾಟಕ್ಕೆ ಮುನ್ನವೇ ತಿಳಿಸುವ ವರ್ತಕ ಒಂದು ಸೈಲೆನ್ಸರ್‌ನ ಲಾಭ ಕಳೆದುಕೊಳ್ಳಬಹುದು. ಆದರೆ ಆ ಗ್ರಾಹಕನ ಮುಂದಿನ ಟಯರು, ಚೈನು, ಆಯಿಲ್ ಖರೀದಿ ಅದೇ ಅಂಗಡಿಯಲ್ಲಿ ನಡೆಯುವ ಭರವಸೆ ಉಳಿಯುತ್ತದೆ.