ತುಕ್ಕಿಗೆ ತೇಪೆ, ನೀರಿಗೆ ದಾರಿ

ಜೂನ್ 1 ಬಂತೆಂದರೆ ಮಲ್ಪೆ ಬಂದರು ತಣ್ಣಗಾಗುತ್ತದೆ, ನನ್ನ ಟಿಂಕರ್ ಶೆಡ್‌ನಲ್ಲಿ ಸದ್ದು ಏಳುತ್ತದೆ. ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಹೊತ್ತು ಸುಸ್ತಾದ ಲಾರಿಗಳಿಗೆ ರಿಪೇರಿಯ ಕಾಲ ಅದು.

ಈ ಸಲ ಮೊದಲು ಬಂದದ್ದು ಹಳೆಯ ಟಾಟಾ 407. 1986ರಲ್ಲಿ ಮಾರುಕಟ್ಟೆಗೆ ಬಂದ ಈ ಗಾಡಿ ನಮ್ಮ ಕಡೆ ಈಗಲೂ ಓಡುತ್ತಾ ಉಂಟು. ಧಣಿ ಬಾಗಿಲು ತೆಗೆದು ತೋರಿಸಿದರು: "ರೂಪಾಯಿ ಅಗಲದ ತೂತು. ಒಂದು ತೇಪೆ ಹಾಕಿ ಕೊಡಿ ಮಾರಾಯ್ರೆ, ಸಂಜೆ ತಕೊಂಡು ಹೋಗ್ತೇನೆ."

ನಾನು ರಬ್ಬರ್ ಮ್ಯಾಟ್ ಎತ್ತಿದೆ. ಕೆಳಗೆ ಒದ್ದೆ ಗೋಣಿ, ಅದರ ಕೆಳಗೆ ಹಪ್ಪಳದಂಥ ತಗಡು. ಸಣ್ಣ ಸುತ್ತಿಗೆಯಲ್ಲಿ ತಟ್ಟುತ್ತಾ ಹೋದೆ. ಗಟ್ಟಿ ತಗಡು ಠಣ್ ಎನ್ನುತ್ತದೆ, ಸತ್ತ ತಗಡಿಗೆ ದನಿಯೇ ಇಲ್ಲ. ಕ್ಲಚ್ ಪೆಡಲಿನ ಅಡಿಯಿಂದ ಬಾಗಿಲವರೆಗೆ ಒಂದು ಮೊಳ ಹೋಗಿತ್ತು. ಬಾಗಿಲಿನ ತಳವೂ ಅಷ್ಟೇ.

ತುಕ್ಕು ಹುಟ್ಟಲು ಕಬ್ಬಿಣ, ನೀರು, ಗಾಳಿಯ ಆಮ್ಲಜನಕ ಸಾಕು. ಉಪ್ಪು ಸೇರಿದರೆ ವೇಗ ಹೆಚ್ಚು. ಮೀನಿನ ಗಾಡಿಗೆ ಉಪ್ಪಿನ ಬರವಿಲ್ಲ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುವುದರಿಂದ ಪೇಂಟ್ ಗುಳ್ಳೆಯೇಳುತ್ತದೆ. ಎಷ್ಟೋ ಸಲ ಹೊರಗೆ ಗುಳ್ಳೆ ಕಾಣುವಷ್ಟರಲ್ಲಿ ಒಳಗೆ ಊಟ ಮುಗಿದಿರುತ್ತದೆ. ಅದರ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಸಂಜೆಗೆ ಗಾಡಿ ಕೊಡಬಹುದು. ಮುಂದಿನ ಮಳೆಗಾಲ ಪುಟ್ಟಿ ಹಾಗೇ ಕಿತ್ತು ಕೈಗೆ ಬರುತ್ತದೆ.

ಬ್ಯಾಟರಿ ಬಿಚ್ಚಿದೆ, ಸೀಟು ಇಳಿಸಿದೆ, ವಯರು ಸರಿಸಿದೆ. ಡೀಸೆಲ್ ಪೈಪ್ ಎಲ್ಲಿ ಹಾದುಹೋಗಿದೆ ಎಂದು ಬಗ್ಗಿ ನೋಡಿದೆ. ಪಕ್ಕದಲ್ಲೊಂದು ಬಕೆಟ್ ನೀರು ಇಟ್ಟುಕೊಂಡೆ. ಆಮೇಲೆ ಗ್ರೈಂಡರಿಗೆ ಕಟಿಂಗ್ ವ್ಹೀಲ್ ಹಾಕಿ, ಹೊಳೆಯುವ ತಗಡು ಸಿಗುವವರೆಗೆ ಕತ್ತರಿಸಿದೆ. ತೂತಿನಷ್ಟೇ ಕತ್ತರಿಸಿದರೆ ವೆಲ್ಡಿಂಗಿಗೆ ಹಿಡಿತ ಸಿಗುವುದಿಲ್ಲ, ತುಕ್ಕಿನ ಅಂಚು ಉರಿದು ಉದುರುತ್ತದೆ.

ರಟ್ಟಿನಲ್ಲಿ ಅಳತೆ ತೆಗೆದು, 18 ಗೇಜಿನ ಶೀಟಿನಿಂದ, ಅಂದರೆ ಸುಮಾರು 1.2 ಮಿ.ಮೀ. ದಪ್ಪದ್ದು, ತೇಪೆ ಕತ್ತರಿಸಿದೆ. ಮೂಲೆಗಳನ್ನು ದುಂಡಗೆ ಮಾಡಿದೆ, ಚೂಪು ಮೂಲೆ ಬಿರುಕಿಗೆ ದಾರಿ. ಹಳೆಯ ತಗಡಿನ ಮೇಲೆ ಹೊಸದನ್ನು ಹೇರುವುದು ಸುಲಭ, ಆದರೆ ಎರಡರ ಸಂದಿಯಲ್ಲಿ ನೀರು ಕೂರುತ್ತದೆ. ಹಾಗಾಗಿ ಅಂಚಿಗೆ ಅಂಚು ಕೂಡಿಸಿದೆ.

ಉಕ್ಕು ಕರಗುವುದು ಸುಮಾರು 1,500 ಡಿಗ್ರಿ ಸೆಲ್ಸಿಯಸ್‌ನಲ್ಲಿ. ತೆಳು ತಗಡಿನ ಮೇಲೆ ಒಂದೇ ಗೆರೆ ಎಳೆದರೆ ತೂತು ಬೀಳುತ್ತದೆ, ಇಲ್ಲವೇ ತಗಡು ಸೊಟ್ಟಗಾಗುತ್ತದೆ. ಆದ್ದರಿಂದ ಸಿಒ2 ವೆಲ್ಡಿಂಗಿಗೆ 0.8 ಮಿ.ಮೀ. ತಂತಿ ಹಾಕಿ ಚುಕ್ಕಿ ಇಡುತ್ತೇನೆ, ರಂಗೋಲಿಗೆ ಇಟ್ಟ ಹಾಗೆ. ಒಂದು ಈ ಮೂಲೆಗೆ, ಮುಂದಿನದು ಎದುರು ಮೂಲೆಗೆ. ತಣಿದ ಮೇಲೆ ನಡುವಿನ ಜಾಗಕ್ಕೆ ಮತ್ತೊಂದು ಸುತ್ತು. ಚುಕ್ಕಿಗಳು ಕೂಡಿ ಗೆರೆಯಾಗುವಷ್ಟರಲ್ಲಿ ಎರಡು ಚಾ ಮುಗಿದಿರುತ್ತದೆ. ಬಳಿಕ ಉಜ್ಜಿ, ಕೆಳಗೂ ಮೇಲೂ ಪ್ರೈಮರ್ ಬಳಿದು, ಜೋಡಣೆಗೆ ಸೀಲರ್ ತುಂಬಬೇಕು. ಕಾವಿಗೆ ಹಿಂಬದಿಯ ಪೇಂಟ್ ಸುಟ್ಟಿರುತ್ತದೆ. ಅದನ್ನು ಮರೆತರೆ ತುಕ್ಕು ಅಲ್ಲಿಂದಲೇ ಶುರು.

ಇಷ್ಟಕ್ಕೇ ಕೆಲಸ ಮುಗಿಯಿತೆಂದು ನಾನೂ ಒಂದು ಕಾಲದಲ್ಲಿ ತಿಳಿದಿದ್ದೆ. ಕಸುಬಿನ ಶುರುವಿನಲ್ಲಿ ಒಂದು ಲಾರಿ ಬಾಗಿಲಿನ ತಳಕ್ಕೆ ತೇಪೆ ಹಾಕಿ, ಅಲ್ಲಿದ್ದ ಸಣ್ಣ ತೂತುಗಳನ್ನೂ ಅಚ್ಚುಕಟ್ಟಾಗಿ ಮುಚ್ಚಿಬಿಟ್ಟೆ. ಮುಂದಿನ ಮಳೆಗಾಲ ಆ ಬಾಗಿಲು ಎಳೆದರೆ ಒಳಗೆ ಕುಳುಕುಳು ಸದ್ದು. ಗಾಜಿನ ಸಂದಿಯಿಂದ ಬಾಗಿಲೊಳಗೆ ನೀರು ಇಳಿಯುವುದು ಸಹಜ, ಅದು ಹೊರಗೆ ಹೋಗಲೆಂದೇ ತಳದಲ್ಲಿ ಆ ತೂತುಗಳು. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುವ ಊರಿನಲ್ಲಿ ನಾನು ಅವಕ್ಕೆ ಬಿರಡೆ ಹಾಕಿದ್ದೆ.

407ರ ನೆಲಕ್ಕೆ ನೀರು ಬರುತ್ತಿದ್ದದ್ದು ಮುಂದಿನ ಗಾಜಿನ ಒಡೆದ ರಬ್ಬರಿನಿಂದ. ಅದನ್ನು ಬದಲಿಸಿದೆ. ನಾಲ್ಕನೇ ದಿನ ಬಾಗಿಲಿನ ಹೊಸ ತಳಕ್ಕೆ ಡ್ರಿಲ್ ಇಟ್ಟಾಗ ಧಣಿ ಬಂದರು.

"ಎಂತ ಮಾರಾಯ್ರೆ, ತೂತು ಮುಚ್ಚಲಿಕ್ಕೆ ತಂದರೆ ನೀವು ಹೊಸ ತೂತು ಕೊರೆಯುವುದಾ?"

ನಾನು ಒಂದು ಚೊಂಬು ನೀರು ಗಾಜಿನ ಸಂದಿಗೆ ಹೊಯ್ದೆ. ತಳದಿಂದ ಅಷ್ಟೂ ನೆಲಕ್ಕೆ ಸುರಿಯಿತು. ಅವರು ಬಗ್ಗಿ ನೋಡಿದರು, ಬಾಗಿಲು ಅಲ್ಲಾಡಿಸಿ ಕಿವಿಗೊಟ್ಟರು.

"ಇನ್ನೊಂದು ಚೊಂಬು ಹೊಯ್ಯಿರಿ ಕಾಣುವ," ಎಂದರು.