ಎಂಟನೆಯ ಸರ್ವರ್ ಕಲಿಸಿದ ಪಾಠ

2012ರ ಆಗಸ್ಟ್ 1ರಂದು ಅಮೆರಿಕದ ಷೇರು ದಲ್ಲಾಳಿ ಸಂಸ್ಥೆ ನೈಟ್ ಕ್ಯಾಪಿಟಲ್, ಸುಮಾರು 45 ನಿಮಿಷಗಳ ವಹಿವಾಟಿನಿಂದ 46 ಕೋಟಿ ಡಾಲರ್‌ಗೂ ಅಧಿಕ ನಷ್ಟ ಅನುಭವಿಸಿತು. ಹೊಸ ತಂತ್ರಾಂಶವನ್ನು ಎಂಟು ಸರ್ವರ್‌ಗಳಲ್ಲಿ ಅಳವಡಿಸಬೇಕಿತ್ತು. ಏಳರಲ್ಲಿ ಮಾತ್ರ ಅಳವಡಿಸಲಾಗಿತ್ತು. ಹೊಸ ಸೌಲಭ್ಯವನ್ನು ಚಾಲನೆಗೊಳಿಸಲು ಆರಿಸಿದ ಸಂಕೇತವು, ಬಹುಕಾಲದಿಂದ ಬಳಕೆ ತಪ್ಪಿದ್ದ ಮತ್ತೊಂದು ಸೌಲಭ್ಯದ್ದಾಗಿತ್ತು. ಎಂಟನೆಯ ಸರ್ವರ್ ಅದನ್ನು ಹಳೆಯ ಅರ್ಥದಲ್ಲಿಯೇ ಗ್ರಹಿಸಿತು. ಗ್ರಾಹಕರ 212 ಆದೇಶಗಳು ಪೂರ್ಣಗೊಂಡ ನಂತರವೂ ನಿಲ್ಲದೆ, ಸುಮಾರು 40 ಲಕ್ಷ ವಹಿವಾಟುಗಳು ನಡೆದುಹೋದವು.

ಅಳವಡಿಕೆಯನ್ನು ಎರಡನೆಯ ತಂತ್ರಜ್ಞರು ಪರಿಶೀಲಿಸಬೇಕೆಂಬ ಲಿಖಿತ ನಿಯಮ ಅಲ್ಲಿರಲಿಲ್ಲವೆಂದು ಅಮೆರಿಕದ ಷೇರುಪೇಟೆ ನಿಯಂತ್ರಣ ಆಯೋಗವು 2013ರಲ್ಲಿ ದಾಖಲಿಸಿತು, 1.2 ಕೋಟಿ ಡಾಲರ್ ದಂಡವನ್ನೂ ವಿಧಿಸಿತು.

ಸುವ್ಯವಸ್ಥಿತ ಲೆಕ್ಕಪತ್ರದಲ್ಲಿ ವೋಚರ್ ಬರೆದವರೇ ಅದನ್ನು ಅನುಮೋದಿಸುವಂತಿಲ್ಲ. ತಂತ್ರಾಂಶದ ಸೆಟ್ಟಿಂಗ್‌ಗಳಿಗೂ ಇದೇ ಶಿಸ್ತು ಅಗತ್ಯ. ಪ್ರತಿಯೊಂದು ಮೌಲ್ಯವೂ ನಮೂದಾಗಿದೆಯೇ, ನಿಗದಿತ ಮಿತಿಯೊಳಗಿದೆಯೇ, ಎಲ್ಲ ಯಂತ್ರಗಳಲ್ಲಿಯೂ ಒಂದೇ ಆವೃತ್ತಿಯಿದೆಯೇ ಎಂಬುದನ್ನು ಅಳವಡಿಕೆಯ ಸಾಧನವೇ ತಾಳೆ ನೋಡಬೇಕು. ತಾಳೆಯಾಗದಿದ್ದಲ್ಲಿ ಕಾರ್ಯವನ್ನು ಅಲ್ಲಿಯೇ ನಿಲ್ಲಿಸಬೇಕು. ಹಳೆಯ ಸಂಕೇತಕ್ಕೆ ಹೊಸ ಅರ್ಥ ಕೊಡಕೂಡದು. ಬಿಲ್ಲಿಂಗ್ ಅಥವಾ ದಾಸ್ತಾನಿನ ತಂತ್ರಾಂಶ ಬದಲಿಸುವ ಉದ್ಯಮಿಗಳು, ಈ ತಪಾಸಣೆಯ ಲಿಖಿತ ದಾಖಲೆಯನ್ನು ಪೂರೈಕೆದಾರರಿಂದ ಪಡೆದ ನಂತರವೇ ಅಂತಿಮ ಹಣ ಪಾವತಿಸುವುದು ಒಳಿತು.